ಒಂಬತ್ತು ತಾಸು ತಡ

ನಾನು ಒಂದು ಕಪ್ಪು ಹಲಗೆ. ಶಾಲೆಯ ಹಲಗೆ ಅಂದುಕೊಳ್ಳಬೇಡಿ. ಶಾಲೆಯ ಹಲಗೆಗಳಿಗೆ ಮಗ್ಗಿ ಗೊತ್ತು, ರಾಜರ ಹೆಸರು ಗೊತ್ತು. ನನಗೆ ಆ ಭಾಗ್ಯ ಬರಲಿಲ್ಲ. ನನ್ನ ಮೈಮೇಲೆ ಬರೆದದ್ದನ್ನು ಯಾರಾದರೂ ಬಾಯಿಬಿಟ್ಟು ಓದಿದಾಗಲೇ ನನಗೆ ತಿಳಿಯುವುದು. ಇಷ್ಟು ವರ್ಷ ಜನರ ಬಾಯಿಂದ ಕೇಳಿ ಕೇಳಿಯೇ ಬದುಕಿದ್ದೇನೆ. ಕೇಳಿದ್ದನ್ನು ಮರೆಯುವ ಅಭ್ಯಾಸ ಮಾತ್ರ ನನಗಿಲ್ಲ.

ಹುಟ್ಟಿದ್ದು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಬಡಗಿಗಳ ಕೈಯಲ್ಲಿ. ಹಳೆಯ ಬೋಗಿಯೊಂದರ ಸಾಗವಾನಿ ಬಾಗಿಲು ಬಿಚ್ಚಿ, ಎರಡು ಹಲಗೆ ಜೋಡಿಸಿ, ಬೆನ್ನಿಗೆ ಮೂರು ಪಟ್ಟಿ ಬಡಿದು, ಕಪ್ಪು ಬಣ್ಣ ಬಳಿದರು. ನನ್ನನ್ನು ಮಾಡಿದ ಮುದಿ ಬಡಗಿ ಅಂಗೈಯಿಂದ ಒಮ್ಮೆ ಸವರಿ, ಇದು ನನ್ನ ಮೊಮ್ಮಕ್ಕಳನ್ನೂ ನೋಡುತ್ತದೆ ಅಂದ. ಅವನ ಮೊಮ್ಮಕ್ಕಳು ಯಾರೋ ಗೊತ್ತಿಲ್ಲ. ಬಹಳ ಜನರನ್ನಂತೂ ನೋಡಿದೆ.

ಅದೇ ಊರಿನ ಸ್ಟೇಷನ್ನಿನಲ್ಲಿ ಹೆಂಗಸರ ವೇಟಿಂಗ್ ರೂಮಿನ ಬಾಗಿಲ ಪಕ್ಕ ನನ್ನನ್ನು ತೂಗುಹಾಕಿದರು. ಮೇಲೆ ತಾರೀಖು, ಕೆಳಗೆ ಗಾಡಿಯ ಹೆಸರು, ಅದರ ಮುಂದೆ ಎಷ್ಟು ತಡ. ಇಷ್ಟೇ ನನ್ನ ಕೆಲಸ. ಬರೆಯುವವನು ಪೋರ್ಟರ್ ಇಮಾಮಸಾಬ. ಒಳಗಿನವರು ಕೊಟ್ಟ ಚೀಟಿ ನೋಡಿ ಸೀಮೆಸುಣ್ಣದಲ್ಲಿ ಬರೆದು, ಬರೆದದ್ದನ್ನು ಕೂಗಿ ಹೇಳುತ್ತಿದ್ದ. ನನ್ನ ಕಡೆ ನೋಡಿ ನಕ್ಕವರು ಕಡಿಮೆ. ತಡ ಮಾಡಿದ್ದು ಗಾಡಿ, ಬೈಸಿಕೊಂಡದ್ದು ನಾನು.

ಒಂದು ಆಷಾಢದಲ್ಲಿ ದೊಡ್ಡ ಮಳೆ ಹಿಡಿಯಿತು. ಎಲ್ಲೋ ಹಳ್ಳ ಬಂದು ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ಗಾಡಿ ಒಂಬತ್ತು ತಾಸು ತಡ ಎಂದು ಇಮಾಮಸಾಬ ಬರೆದ. ಇರಚಲು ಹೊಡೆದು ಅಳಿಸಿತು. ಮತ್ತೆ ಬರೆದ, ಮತ್ತೆ ಅಳಿಸಿತು. ಮೂರನೆಯ ಸಲ ಅವನಿಗೆ ರೇಗಿಹೋಯಿತು. ಬೆಂಕಿ ಆರಿಸುವ ಬಕೆಟ್ಟುಗಳ ಮೇಲೆ ಅಕ್ಷರ ಬರೆಯಲು ತಂದಿಟ್ಟ ಬಿಳಿ ಪೇಂಟಿನ ಡಬ್ಬಿ ತೆಗೆದು, ತಾರೀಖಿನಿಂದ ಹಿಡಿದು ಎಲ್ಲವನ್ನೂ ಕುಂಚದಿಂದಲೇ ದಪ್ಪಗೆ ಬರೆದುಬಿಟ್ಟ. ಗಾಡಿಯ ಹೆಸರು ಕೂಗಿದ, ಒಂಬತ್ತು ತಾಸು ಎಂದು ಕೂಗಿದ. ತಾರೀಖನ್ನು ಓದಲಿಲ್ಲ. ಇವತ್ತು ಯಾವ ದಿನ ಎಂಬುದನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ?

ಪೇಂಟು ಇನ್ನೂ ಹಸಿಯಾಗಿತ್ತು. ವೇಟಿಂಗ್ ರೂಮಿನೊಳಗೆ ಕೂಸೊಂದು ಅತ್ತಿತು. ಹೆರಿಗೆಗೆಂದು ತವರಿಗೆ ಹೊರಟ ಹೆಣ್ಣುಮಗಳಿಗೆ ಅಲ್ಲಿಯೇ ನೋವು ಬಂದಿತ್ತು. ಮುದುಕಿಯೊಬ್ಬಳು ಹೊರಬಂದು ಗಂಡು ಎಂದಳು. ಇಮಾಮಸಾಬ ಕುಂಚ ಹಿಡಿದುಕೊಂಡೇ ನಕ್ಕ.

"ಗಾಡಿಕಿಂತ ಮೊದ್ಲ ಇಂವನ ಬಂದ ನೋಡವ್ವಾ."

ಮಳೆ ನಿಂತ ಮೇಲೆ ಆ ಬರಹ ಒರೆಸಿದರೆ ಹೋಗಲಿಲ್ಲ. ಮೇಲಿನವರು ಇಮಾಮಸಾಬನನ್ನು ಬೈದರು. ಅವನು ಅದರ ಮೇಲೆ ಕಪ್ಪು ಬಳಿದ. ಆ ತಾರೀಖು ನನ್ನ ಚರ್ಮದ ಅಡಿಗೆ ಹೋಯಿತು.

ಮುಂದೆ ಸ್ಟೇಷನ್ನಿಗೆ ಲೌಡ್‌ಸ್ಪೀಕರ್ ಬಂತು. ನನ್ನನ್ನು ಇಳಿಸಿ ಉಗ್ರಾಣದ ಗೋಡೆಗೆ ಒರಗಿಸಿದರು. ಕೆಲವು ವರ್ಷ ಮುಖ ಗೋಡೆಗೆ, ಬೆನ್ನು ಲೋಕಕ್ಕೆ. ಆಮೇಲೆ ಒಂದು ದಿನ ಗುಜರಿಯ ರಾಶಿಯಿಂದ ನನ್ನನ್ನು ಎತ್ತಿಕೊಂಡವನು ಮೋನಪ್ಪ ಪತ್ತಾರ.

ವರ್ಕ್‌ಶಾಪಿನ ಗೇಟಿನ ಎದುರು ಮೋನಪ್ಪನದು ರೇಡಿಯೋ ರಿಪೇರಿ ಅಂಗಡಿ. ಕ್ಯಾಸೆಟ್ಟೂ ಮಾರುತ್ತಿದ್ದ. ತೆಳ್ಳಗಿನ ಮನುಷ್ಯ, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಟೆಸ್ಟರ್. ಅವನಿಗೆ ಹುಚ್ಚು ಒಂದೇ, ರಾಕ್ ಸಂಗೀತ. ಪರದೇಶದ ರೇಡಿಯೋ ಕೇಳಿ, ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಹರಿದಿಟ್ಟು, ಯಾವ ಹಾಡುಗಾರ ಎಂದು ಹುಟ್ಟಿದ, ಯಾವ ರೆಕಾರ್ಡ್ ಎಂದು ಬಂತು ಎಂದು ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದ. ನನ್ನನ್ನು ಅಂಗಡಿಯ ಮುಂದೆ ತೂಗುಹಾಕಿ ದಿನಾ ಬೆಳಿಗ್ಗೆ ಬರೆಯತೊಡಗಿದ. ಇಂದು ಜಾನಿಸ್ ಜಾಪ್ಲಿನ್ ಹುಟ್ಟಿದ ದಿನ. ಇಂದು ಜಿಮಿ ಹೆಂಡ್ರಿಕ್ಸ್ ಹುಟ್ಟಿದ ದಿನ. ಸಂಜೆ ಐದಕ್ಕೆ ವರ್ಕ್‌ಶಾಪಿನ ಭೊಂಗಾ, ಅಂದರೆ ಪಾಳಿ ಬಿಡುವ ಸೈರನ್, ಕೂಗಿದ ಕೂಡಲೇ ಆವತ್ತಿನವರ ಒಂದು ಹಾಡು ಹಾಕುತ್ತಿದ್ದ. ಪಾಳಿ ಬಿಟ್ಟು ಬಂದವರು ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು, ಊಟದ ಡಬ್ಬಿಯ ಮುಚ್ಚಳ ಬಡಿಯುತ್ತ ಕೇಳುತ್ತಿದ್ದರು. ಹಾಡು ಮುಗಿದರೆ ನನ್ನನ್ನು ಒರೆಸುವುದು. ಅದು ಆ ಅಂಗಡಿಯ ಪದ್ಧತಿ.

ಮೊದಲು ತಡವಾದ ಗಾಡಿ ಹೊತ್ತಿದ್ದೆ, ಈಗ ಹುಟ್ಟಿದ ದಿನ ಹೊರತೊಡಗಿದೆ. ಜನ ನನ್ನನ್ನು ನೋಡಿ ನಗುವುದನ್ನು ಆಗಲೇ ಕಂಡದ್ದು.

ವರ್ಷಕ್ಕೊಂದು ದಿನ, ಅಕ್ಟೋಬರ್ ಐದರಂದು, ಮೋನಪ್ಪ ನಮ್ಮೂರವರ ಹೆಸರು ಬರೆಯುತ್ತಿದ್ದ. ಎಪ್ಪತ್ತನಾಲ್ಕನೆಯ ಇಸವಿಯ ಆ ದಿನ ವರ್ಕ್‌ಶಾಪಿನ ನಾಲ್ವರು ಗೆಳೆಯರು ರಾಕ್ ತಂಡ ಕಟ್ಟಿ, ಬೋಗಿ ಎಳೆದು ಜೋಡಿಸುವವರು ಎಂಬರ್ಥದ 'ಶಂಟರ್ಸ್' ಎಂದು ಹೆಸರಿಟ್ಟುಕೊಂಡು ರೈಲ್ವೆಯವರ ಸಭಾಂಗಣದಲ್ಲಿ ಒಂದೇ ಒಂದು ಕಾರ್ಯಕ್ರಮ ಕೊಟ್ಟಿದ್ದರು. ಆಂಪ್ಲಿಫೈಯರ್ ಕಟ್ಟಿಕೊಟ್ಟವನು ಮೋನಪ್ಪ. ಆಮೇಲೆ ಹಾಡುವವನು ಆಸ್ಟ್ರೇಲಿಯಾಕ್ಕೆ ಹೋದ, ಗಿಟಾರಿನ ಇಬ್ಬರಿಗೆ ವರ್ಗವಾಯಿತು. ಊರಲ್ಲಿ ಉಳಿದವನು ಡ್ರಮ್ಮಿನ ದ್ಯಾಮಣ್ಣ ಒಬ್ಬನೇ.

ದ್ಯಾಮಣ್ಣ ವರ್ಕ್‌ಶಾಪಿನ ಕಮ್ಮಾರಸಾಲೆಯಲ್ಲಿ ಸುತ್ತಿಗೆ ಹೊಡೆಯುತ್ತಿದ್ದ. ಅಂಗೈ ಅಂದರೆ ಚಪ್ಪಡಿ. ಜಾನ್ ಬಾನಮ್ ಎಂಬ ಇಂಗ್ಲೆಂಡಿನ ಡ್ರಮ್ಮರ್ ಎಂದರೆ ಅವನಿಗೆ ಪ್ರಾಣ. ಆತ ಹುಟ್ಟಿದ್ದು ಮೇ ಮೂವತ್ತೊಂದು. ಆ ದಿನ ದ್ಯಾಮಣ್ಣ ತಾನೇ ಬಂದು, ಹೆಗಲ ಮೇಲಿನ ಟಾವೆಲ್ ಒದ್ದೆ ಮಾಡಿ ನನ್ನನ್ನು ಒರೆಸಿ, ಬರೀ ಎನ್ನುತ್ತಿದ್ದ. ಮರುದಿನ ಮತ್ತೆ ಬರುತ್ತಿದ್ದ. ಇವತ್ತು ಜೂನ್ ಒಂದು, ನನ್ನ ಹೆಸರು ಬರೀ ಎನ್ನುತ್ತಿದ್ದ. ಮೋನಪ್ಪ ತಲೆ ಎತ್ತದೆ ಬೆಸುಗೆ ಹಾಕುತ್ತಲೇ ಹೇಳುತ್ತಿದ್ದ:

"ಅದು ನಿಮ್ಮವ್ವ ಹಡದ ದಿನ ಅಲ್ಲೋ. ಹೆಡ್‌ಮಾಸ್ತರ ಹಡದ ದಿನ. ಅರ್ಧ ಹುಬ್ಬಳ್ಳಿನ ಜೂನ್ ಒಂದಕ್ಕ ಹುಟ್ಟೈತಿ."

ಅದು ನಿಜ. ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖು ಗೊತ್ತಿಲ್ಲ ಎಂದವರಿಗೆಲ್ಲ ಮಾಸ್ತರರು ಜೂನ್ ಒಂದು ಎಂದು ಬರೆದುಬಿಡುತ್ತಿದ್ದ ಕಾಲ ಅದು. ಎಲ್ಲರೂ ನಗುತ್ತಿದ್ದರು, ದ್ಯಾಮಣ್ಣನೂ ನಗುತ್ತಿದ್ದ. ಆದರೆ ಜನ ಹೋದ ಮೇಲೆ ಅವನು ನನ್ನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಒಮ್ಮೆ ಮೋನಪ್ಪನಿಗೆ ಹೇಳಿಯೂ ಹೇಳಿದ. ಸಮುದ್ರದಾಚೆಯವರು ಎಂದು ಹುಟ್ಟಿದರೆಂಬುದು ನಿನ್ನ ವಹಿಯಲ್ಲಿದೆ. ಇಲ್ಲೇ ಹುಟ್ಟಿದ ನನಗೆ ಒಂದು ದಿನ ಇಲ್ಲ. ನನ್ನ ಹೆಸರು ಈ ಹಲಗೆಯ ಮೇಲೆ ನನ್ನ ದಿನ ಬಂದದ್ದನ್ನು ಅವ್ವ ಒಮ್ಮೆ ನೋಡಬೇಕು, ಬೇರೆ ಏನೂ ಬೇಡ.

ಮೋನಪ್ಪ ಕಲ್ಲು ಮನಸ್ಸಿನವನಲ್ಲ. ಅವನಿಗೊಂದು ಪೆಟ್ಟು ಬಿದ್ದಿತ್ತು. ಒಂದು ವರ್ಷ ಯಾರದೋ ಬಾಯಿಮಾತು ನಂಬಿ ಒಬ್ಬ ಗಿಟಾರ್ ವಾದಕನ ಹುಟ್ಟಿದ ದಿನವೆಂದು ಬರೆದು, ಸಂಭ್ರಮಕ್ಕೆ ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಿದ್ದ. ಮುಂದಿನ ವಾರ ಬಂದ ಪತ್ರಿಕೆಯಲ್ಲಿ ನೋಡಿದರೆ ಆತ ಹುಟ್ಟಿದ್ದು ಬೇರೆಯೇ ತಿಂಗಳು. ಪಾಳಿಯವರು ಒಂದು ವರ್ಷ ಬಿಡಲಿಲ್ಲ. ಮೋನಪ್ಪಣ್ಣ, ಇವತ್ತ ಯಾರನ್ನ ಹಡದಿ ಎಂದು ಕೇಳಿಕೊಂಡೇ ಗೇಟು ದಾಟುತ್ತಿದ್ದರು. ಅಂದಿನಿಂದ ಬರಹದಲ್ಲಿ ಪುರಾವೆ ಇಲ್ಲದ ತಾರೀಖನ್ನು ಅವನು ನನ್ನ ಮೇಲೆ ಬರೆಯುವುದನ್ನೇ ಬಿಟ್ಟ.

ಹೀಗಿರುವಾಗ ಒಂದು ದಿನ ದ್ಯಾಮಣ್ಣನ ತಾಯಿ ಕಲ್ಲವ್ವ ಕೆಟ್ಟ ರೇಡಿಯೋ ಹಿಡಿದುಕೊಂಡು ಅಂಗಡಿಗೆ ಬಂದಳು. ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತ, ಮಗ ಹುಟ್ಟಿದ ಕಥೆ ತೆಗೆದಳು. ಆಷಾಢದ ಸೋಮವಾರವಂತೆ, ಒಪ್ಪತ್ತು ಇದ್ದಳಂತೆ, ಅದಕ್ಕೇ ವಾರ ನೆನಪು. ಇಸವಿ ತಾರೀಖು ತನಗೇನು ಗೊತ್ತು ಅಂದಳು. ತವರಿಗೆ ಹೋಗುವ ಗಾಡಿ ಒಂಬತ್ತು ತಾಸು ತಡ. ಸ್ಟೇಷನ್ನಿನಲ್ಲಿಯೇ ಹಡೆದಳು.

"ಹೊರಗ ಪೋರ್ಟರ್ ಬಿಳೀ ಬಣ್ಣದಾಗ ಏನೋ ಬರ್ಯಾಕತ್ತಿದ್ದ. ಅದರ ವಾಸನಿ ಒಳಗಿದ್ದ ನನ್ನ ಮೂಗಿಗೆ ಬಡೀತು. ಈಗೂ ಆ ವಾಸನಿ ಬಂದ್ರ ನನಗ ಇಂವ ಅತ್ತದ್ದ ಕೇಳತೈತಿ."

ನಾನು ಅವಳ ತಲೆಯ ಮೇಲೆಯೇ ತೂಗುತ್ತಿದ್ದೆ. ಆ ಕೂಸು ಇವನೇ ಎಂದು ನನಗೆ ಆ ಕ್ಷಣ ತಿಳಿಯಿತು. ಇವನಿಗೆ ಬೇಕಾದ ತಾರೀಖು ನನ್ನ ಮೈಯೊಳಗೇ ಇತ್ತು. ಹೇಳಲು ಬಾಯಿಲ್ಲ. ಮೋನಪ್ಪ ಮರುಗಿದ, ಆದರೆ ಇದರಲ್ಲಿ ಬರಹ ಎಲ್ಲಿದೆ ತಾಯಿ ಅಂದ. ಅವನು ಕೈ ಮಾಡಿದ್ದು ನನ್ನ ಕಡೆಗೇ.

ಆಮೇಲೆ ಇಪ್ಪತ್ತು ವರ್ಷದ ಮೇಲೆ ಕಾಯ್ದೆ. ಪ್ರತಿ ಆಯುಧಪೂಜೆಗೆ ಮೋನಪ್ಪ ಹಳೆಯ ರೇಡಿಯೋ ಸೆಲ್ಲುಗಳನ್ನು ಒಡೆದು, ಒಳಗಿನ ಕರಿ ಪುಡಿಯನ್ನು ಗೋಂದಿನಲ್ಲಿ ಕಲಸಿ ನನಗೆ ಬಳಿಯುತ್ತಿದ್ದ. ಅವನಿಗೆ ಅದು ನನ್ನ ಹಬ್ಬ. ನನಗೆ ಆ ತಾರೀಖಿನ ಮೇಲೆ ಬಿದ್ದ ಮತ್ತೊಂದು ಪದರ.

ಕ್ಯಾಸೆಟ್ಟುಗಳ ಕಾಲ ಮುಗಿಯಿತು. ಸೈಕಲ್ಲು ಹೋಗಿ ಮೋಟರ್‌ಸೈಕಲ್ ಬಂದವು. ದ್ಯಾಮಣ್ಣ ನಿವೃತ್ತನಾದ. ಶಂಟರ್ಸ್ ಕಾರ್ಯಕ್ರಮಕ್ಕೆ ನಲವತ್ತು ವರ್ಷ ತುಂಬುವ ಹೊತ್ತು ಬಂತು. ಆವತ್ತು ದ್ಯಾಮಣ್ಣನ ಮನೆಯ ಮಂಚದ ಕೆಳಗಿದ್ದ ಡ್ರಮ್ಮುಗಳನ್ನು ತಂದು ಅಂಗಡಿಯ ಮುಂದೆ ಬಾರಿಸುವುದೆಂದು ಗೆಳೆಯರಿಬ್ಬರೂ ನಿಶ್ಚಯಿಸಿದರು. ಆದರೆ ಅಷ್ಟು ವರ್ಷದ ಬಣ್ಣ ಕೂತು ನನ್ನ ಮೈ ನುಣ್ಣಗಾಗಿ, ಸೀಮೆಸುಣ್ಣ ಜಾರುತ್ತಿತ್ತು. ಮಹಾನವಮಿಗೆ ಎರಡು ದಿನ ಮುಂಚೆ ದ್ಯಾಮಣ್ಣ ಒಂದು ಉಳಿ ತಂದು, ಪೂರಾ ಕೆರೆದು ತೆಗೆಯುತ್ತೇನೆ ಎಂದು ನನ್ನನ್ನು ಕಟ್ಟೆಯ ಮೇಲೆ ಮಲಗಿಸಿಕೊಂಡ.

ಹೇಗೆ ಕೆರೆದ ಅನ್ನುತ್ತೀರಿ. ಸುತ್ತಿಗೆಯ ಕೈ, ಆದರೆ ಬೆಣ್ಣೆ ತೆಗೆದಂತೆ. ಪದರು ಪದರಾಗಿ ಕಪ್ಪು ಉದುರಿತು. ಬಿಳಿ ಗೆರೆಯೊಂದು ಕಂಡಿತು. ಅವನು ಟಾವೆಲಿನಿಂದ ಒರೆಸಿ, ಬಗ್ಗಿ, ಗಟ್ಟಿಯಾಗಿ ಓದಿದ. ಒಂಬತ್ತು ತಾಸು ತಡ. ಕೈ ನಿಂತಿತು. ಉಳಿಯನ್ನು ಬಿಟ್ಟು ಉಗುರಿನಿಂದ ಮೇಲಿನ ಸಾಲು ಬಿಡಿಸತೊಡಗಿದ. ಇಪ್ಪತ್ತಮೂರು. ಏಳು. ಐವತ್ತೊಂದು. ನನ್ನ ಮೈಯಲ್ಲಿದ್ದ ತಾರೀಖನ್ನು ನಾನೂ ಆವತ್ತೇ ಮೊದಲ ಸಲ ಕೇಳಿದ್ದು.

ಮೋನಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಂದ. ಪೇಂಟನ್ನು ನೋಡಿದ, ಕುಂಚದ ಎಳೆ ನೋಡಿದ. ಮೊಬೈಲಿನಲ್ಲಿ ಕ್ಯಾಲೆಂಡರನ್ನು ಬೆರಳಿನಿಂದ ಹಿಂದಕ್ಕೆ ಹಿಂದಕ್ಕೆ ತಳ್ಳುತ್ತ ಐವತ್ತೊಂದಕ್ಕೆ ತಂದು ನಿಲ್ಲಿಸಿದ. ಸೋಮವಾರ. ಆಷಾಢ. ಅವನ ದನಿ ಇಳಿಯಿತು.

"ಬರಹ ನನ್ನ ಅಂಗಡೀ ಮುಂದನ ತೂಗಾಡಾಕತ್ತಿತ್ತಲ್ಲೋ. ನಾನ ಬಣ್ಣಾ ಬಳದು ಬಳದು ಮುಚ್ಚಿದೆ."

ದ್ಯಾಮಣ್ಣ ಉಗುರಿನ ಸಂದಿಯ ಕಪ್ಪನ್ನು ಟಾವೆಲಿಗೆ ಒರೆಸಿಕೊಂಡ. ಅವನ ಬಾಯಿಂದ ಬೇರೆಯೇ ಚಿಂತೆ ಹೊರಬಂತು. ಜುಲೈ ಕಳೆದು ಎರಡು ತಿಂಗಳಾಗಿತ್ತು. ಆ ದಿನದ್ದು ಆ ದಿನವೇ ಎಂಬುದು ಮೋನಪ್ಪನ ನಿಯಮ. ಅವ್ವನಿಗೆ ಎಂಬತ್ತು, ಕಣ್ಣು ಹೆಚ್ಚುಕಡಿಮೆ ಹೋಗಿವೆ, ಬೇಸಿಗೆಯಲ್ಲಿ ಎರಡು ಸಲ ಆಸ್ಪತ್ರೆಗೆ ಹಾಕಿ ತಂದಿದ್ದರು.

"ಮುಂದಿನ ಜುಲೈತನಾ ಅವ್ವ ಇರತಾಳೋ ಇಲ್ಲೋ, ಮೋನಪ್ಪ."

ಮೋನಪ್ಪ ನನ್ನ ಕಡೆ ಕೈ ಮಾಡಿದ. ತಡ ಆದ ಗಾಡಿಯನ್ನೂ ಇದೇ ಹಲಗೆಯ ಮೇಲೆ ಬರೆಯುತ್ತಿದ್ದರಲ್ಲವೇ ಅಂದ. ಒಳಗೆ ಹೋಗಿ ಬಿಳಿ ಪೇಂಟು ಹುಡುಕತೊಡಗಿದ.

ಅಕ್ಟೋಬರ್ ಐದು ಆ ವರ್ಷ ರವಿವಾರ. ಭೊಂಗಾ ಇಲ್ಲ. ರಜೆಯಿದ್ದರೂ ಹಳೆಯ ಪಾಳಿಯವರು ಬಂದರು, ಕೆಲವರು ಮೊಮ್ಮಕ್ಕಳ ಕೈ ಹಿಡಿದು. ಕಲ್ಲವ್ವನನ್ನು ಆಟೋದಲ್ಲಿ ತಂದು ನನ್ನ ಮುಂದೆ ಕುರ್ಚಿ ಹಾಕಿ ಕೂರಿಸಿದರು. ನನ್ನ ಮೇಲೆ ಹೊಸದಾಗಿ ಬರೆದ ಸಾಲಿನ ಪೇಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಮುದುಕಿ ಮೂಗು ಅರಳಿಸಿ ಮಗನ ಕೈ ಹಿಡಿದುಕೊಂಡಳು. ಇಮಾಮಸಾಬನ ಬರಹವನ್ನು ಹಾಗೇ ಬಿಟ್ಟು ಸುತ್ತ ಮಾತ್ರ ಕಪ್ಪು ಬಳಿದಿದ್ದರು. ಆ ಹಳೆಯ ದಪ್ಪ ಪೇಂಟು ಕೈಗೆ ಸಿಗುವಷ್ಟು ಎದ್ದಿತ್ತು. ಅವಳ ಬೆರಳು ಅದರ ಮೇಲೆ ನಿಧಾನವಾಗಿ ಹರಿದಾಡಿತು. ಅವಳಿಗೂ ಓದು ಬಾರದು, ನನಗೂ ಬಾರದು. ಏನು ಬರೆದದ್ದು, ಓದಿ ಹೇಳು ಅಂದಳು. ಮೋನಪ್ಪ ಕೆಳಗಿನ ಹೊಸ ಸಾಲನ್ನು ಓದಿದ:

"ದ್ಯಾಮಣ್ಣ, ಕಲ್ಲವ್ವನ ಮಗ. ಡ್ರಮ್. ಹುಟ್ಟಿದ್ದು 23-7-1951. ಹಲಗೆಗೆ ಬಂದದ್ದು 5-10-2014. ತಡ: 63 ವರ್ಷ, 2 ತಿಂಗಳು, 12 ದಿನ."

ಜನ ಕೈ ತಟ್ಟಿದರು. ಕಲ್ಲವ್ವ ತಟ್ಟಲಿಲ್ಲ.

"ಗಾಡಿಕಿಂತ ಮೊದ್ಲ ಬಂದಾಂವ ಇಂವ. ಇಂವಗ ತಡ ಅಂತ ಯಾಂವ ಬರದಾಂವ? ತಡ ಆದದ್ದು ನಿಮ್ಮ ಹಲಗಿ."

ಎಲ್ಲರೂ ನಕ್ಕರು, ಮೋನಪ್ಪ ಎಲ್ಲರಿಗಿಂತ ಜೋರಾಗಿ. ಐದು ಹೊಡೆಯಿತು. ಭೊಂಗಾದ ಬದಲಿಗೆ ದ್ಯಾಮಣ್ಣ ದೊಡ್ಡ ಡ್ರಮ್ಮಿಗೆ ಮೊದಲ ಪೆಟ್ಟು ಕೊಟ್ಟ. ನನ್ನ ಬೆನ್ನಿನ ಮೂರು ಪಟ್ಟಿಯೂ ಅದುರಿದವು.

ಅವಳು ಹೇಳಿದ್ದು ಸರಿ. ತಡವಾದದ್ದು ನಾನೇ. ಕಲ್ಲವ್ವ ಮುಂದೆ ಇನ್ನೂ ಮೂರು ಜುಲೈಗಳನ್ನು ಕಂಡಳು. ಮೂರೂ ಸಲ ಬಂದು ಅದೇ ಬರಹವನ್ನು ಮುಟ್ಟಿ ನೋಡಿದಳು, ಮೂರೂ ಸಲ ಅದೇ ಮಾತು ಆಡಿದಳು.

ಈಗ ನನ್ನ ಒಂದು ಮೂಲೆ ಸೀಳಿದೆ. ಗಾಳಿಮಳೆ ಬೇಡವೆಂದು ಅಂಗಡಿಯ ಒಳಗೋಡೆಗೆ ಹಾಕಿದ್ದಾರೆ. ಮೋನಪ್ಪನಿಗೆ ವಯಸ್ಸಾಗಿದೆ, ಅಕ್ಷರ ಸೊಟ್ಟಗಾಗುತ್ತವೆ. ಆದರೂ ದಿನಾ ಬೆಳಿಗ್ಗೆ ಒಬ್ಬರ ಹೆಸರು ಬರೆಯುತ್ತಾನೆ, ಸಂಜೆ ಒರೆಸುತ್ತಾನೆ. ಒರೆಸುವಾಗ ಅವನ ಬಟ್ಟೆ ಇಮಾಮಸಾಬನ ಬರಹವನ್ನೂ ಅದರ ಕೆಳಗಿನ ದ್ಯಾಮಣ್ಣನ ಸಾಲನ್ನೂ ಸುತ್ತಿಕೊಂಡು ಹೋಗುತ್ತದೆ. ಇವತ್ತೂ ಯಾರದೋ ಹೆಸರಿದೆ. ಯಾರೆಂದು ನನಗಿನ್ನೂ ಗೊತ್ತಿಲ್ಲ. ಐದಕ್ಕೆ ದ್ಯಾಮಣ್ಣ ಬಂದು ಗಟ್ಟಿಯಾಗಿ ಓದುತ್ತಾನೆ. ಅಲ್ಲಿಯವರೆಗೆ ಕಾಯುತ್ತೇನೆ.