ಒಂದೇ ಒತ್ತಡ, ಎರಡು ಕಾಲಂ

೨೦೨೪ರ ಮಾರ್ಚ್ ೧೪, ಬೆಳಿಗ್ಗೆ ಹತ್ತು ಇಪ್ಪತ್ತು, ಪ್ರಯೋಗಾಲಯದ ಕಂಪ್ಯೂಟರ್ ತೆರೆಯ ಮೂಲೆಯಲ್ಲಿ ಅಂಕಿ ಬದಲಾಯಿತು, ಗೆರೆ ಇನ್ನೂ ನೆಲದಲ್ಲೇ ತೆವಳುತ್ತಿದೆ, ಓವನ್ನಿನ ಫ್ಯಾನು ಗುಂಯ್ ಎನ್ನುತ್ತಿದೆ, ಒಳಗೆ ಹೊಸ ಕಾಲಂ ಸುರುಳಿ ಸುತ್ತಿ ಕೂತಿದೆ, ದಾರದಷ್ಟು ತೆಳ್ಳಗಿನ ಕಂದು ಕೊಳವೆ, ಮೂವತ್ತು ಮೀಟರ್, ಈ ತುದಿಯಿಂದ ಅನಿಲದ ಜೊತೆ ಹೊರಟ ಆವಿ ಆ ತುದಿ ಸೇರುವಷ್ಟರಲ್ಲಿ ಒಂದೊಂದು ಅಂಶವೂ ಬೇರೆಯಾಗಿ, ಬೇರೆ ಬೇರೆ ಪೀಕಾಗಿ, ಗೆರೆಯ ಶಿಖರವಾಗಿ, ತೆರೆಯ ಮೇಲೆ ಏಳಬೇಕು — ಮಕ್ಕಳ ಸಿರಪ್ಪಿಗೆ ಹೋಗುವ ಗ್ಲಿಸರಿನ್, ಅದರಲ್ಲಿ ವಿಷವಿದ್ದರೆ ಒಂದು ಪೀಕು, ಅದರ ಬೆನ್ನಿಗೇ ಬರುವ ನಿರಪಾಯಕಾರಿ ಇನ್ನೊಂದು, ಎರಡರ ನಡುವಿನ ಕಣಿವೆ ನೆಲ ಮುಟ್ಟಬೇಕು, ಮುಟ್ಟದಿದ್ದರೆ ಯಾವುದು ಎಷ್ಟೆಂದು ಹೇಳುವುದು ಹೇಗೆ, ಬೇರ್ಪಡಿಕೆ ಒಂದೂವರೆಗಿಂತ ಕಮ್ಮಿಯಾದರೆ ಕಾಲಂ ನಪಾಸು. ಸೋಮವಾರ ನಪಾಸೇ ಆಗಿತ್ತು, ಪರೀಕ್ಷಿಸಿದವರು ಶುಂಠಿ ಸರ್, ನಮ್ಮ ಹಿರಿಯ ವಿಶ್ಲೇಷಕರು, ಮಾತು ಖಾರವೆಂದು ಯಾರೋ ಇಟ್ಟ ಹೆಸರು, ಅವರಿಗೂ ಗೊತ್ತು, ಒಳಗೊಳಗೇ ಖುಷಿ. ಹಳೆಯ ಕಾಲಂ ಒಂದು ಪಾಯಿಂಟ್ ಆರು, ಹೊಸದು ಒಂದು ಪಾಯಿಂಟ್ ನಾಲ್ಕು, ಎರಡೂ ಒಳಗೋಡೆಗೆ ಒಂದೇ ಲೇಪ ಬಳಿದವು, ಒಂದೇ ಅಗಲ, ಎರಡಕ್ಕೂ ಒಂದೇ ಒತ್ತಡ ಕೊಟ್ಟಿದ್ದೀನಮ್ಮ, ಇನ್ನೇನು ನ್ಯಾಯ ಬೇಕು, ವಾಪಸ್ ಕಳಿಸಿ ಅತ್ಲಾಗೆ, ಅಂದರು ಸರ್. ಸೇರಿ ವರ್ಷ ತುಂಬದ ನಾನು, ಪ್ರಯೋಗಾಲಯದ ಮುಖ್ಯಸ್ಥೆಯ ಎದುರಿಗೇ, ಇದು ನ್ಯಾಯ ಅಲ್ಲ ಸರ್ ಅಂದೆ.

ಹಳೆಯದರ ಸುತ್ತು ಎಣಿಸಿದ್ದೆನಲ್ಲ, ಮೂತಿಗೆ ಕೊಳೆ ಕಟ್ಟಿದಾಗಲೆಲ್ಲ ಗೇಣು ಗೇಣಾಗಿ ಕತ್ತರಿಸುತ್ತ ಬಂದು ಅದೀಗ ಇಪ್ಪತ್ತೆರಡೇ ಮೀಟರ್, ಆ ಗಿಡ್ಡನಿಗೆ ಒಗ್ಗಿದ ಒತ್ತಡವನ್ನು ಈ ಉದ್ದನೆಯವನಿಗೆ ಕೊಟ್ಟರೆ ಅನಿಲ ಏದುಸಿರು ಬಿಡುತ್ತ ನಡೆಯುತ್ತದೆ, ಪೀಕು ಹರಡಿ ಪಕ್ಕದ್ದರ ಮೈಮೇಲೆ ಬೀಳುತ್ತದೆ, ಸಮ ಮಾಡಬೇಕಾದ್ದು ಒತ್ತಡವನ್ನಲ್ಲ, ಅನಿಲದ ವೇಗವನ್ನು — ನಾನು ಚಿಕ್ಕವಳಿದ್ದಾಗ ಅಮ್ಮ ನನ್ನನ್ನು ತೋರಿಸಿ ಚಿಕ್ಕಮ್ಮನಿಗೆ ಅಂದಿದ್ದು, ಅಕ್ಕನ ಅಳತೆಗೆ ಹೊಲಿಸಿದ ಫ್ರಾಕು ಇವಳಿಗೆ ಹಾಕ್ಬಿಟ್ಟು ಹುಡುಗಿ ಕೊಕ್ಕರೆ ಥರ ಇದೆ ಅಂತೀಯಲ್ಲೇ, ಕೊಕ್ಕರೆಗೆ ಕೊಕ್ಕರೆ ಅಳತೇಲಿ ಹೊಲಿಸು — ಕೊಕ್ಕರೆಯೇ ಸರಿ, ಇವತ್ತು ಕೊಕ್ಕರೆಯ ದಿನ. ಮುಖ್ಯಸ್ಥೆ ಹೇಳಿದ್ದು ಎರಡೇ ಮಾತು, ಸರಿ ಬಂದರೆ ಇನ್ನು ಹೋಲಿಕೆಯ ವಿಧಾನ ನೀನೇ ಬರಿ, ಬರದಿದ್ದರೆ ಮಧ್ಯಾಹ್ನ ಕಾಲಂ ವಾಪಸ್, ಎಲ್ಲರೆದುರು ಸರ್ ಹತ್ತಿರ ಕ್ಷಮೆ ಕೇಳು. ಹಳೆಯದನ್ನು ತಯಾರಿಸುವವರು ನಿಲ್ಲಿಸಿಬಿಟ್ಟಿದ್ದಾರೆ, ಅದು ಕೈಕೊಟ್ಟ ದಿನ ಏನು ಮಾಡುವುದು. ವೇಗ ಅಳೆಯಲು ಲೇಪಕ್ಕೆ ಅಂಟದೆ ನೇರ ಓಡುವ ಅನಿಲ ಬೇಕು, ಸಿಗರೇಟ್ ಲೈಟರಿನದಾದರೂ ನಡೆಯುತ್ತದೆ, ಯಾರ ಬಳಿಯೂ ಇಲ್ಲ, ಸಿಗರೇಟು ಬಿಟ್ಟು ಎಷ್ಟೋ ವರ್ಷವಾಯಿತೆನ್ನುವ ಶುಂಠಿ ಸರ್ ಡ್ರಾಯರಿನ ತಳದಿಂದ ತೆಗೆದುಕೊಟ್ಟರು, ಕಿವಿ ಕೆಂಪು, ಹಾಗೆ ನೋಡ್ಬೇಡ, ಪ್ರಯೋಗಕ್ಕೇ ಇಟ್ಟಿರೋದು. ಲೈಟರಿನ ಅನಿಲವನ್ನು ಸಿರಿಂಜಿನಲ್ಲಿ ಎಳೆದು ಯಂತ್ರಕ್ಕೆ ಚುಚ್ಚಿದೆ, ಒತ್ತಡ ಏರಿಸಿದೆ, ಮತ್ತೆ ಚುಚ್ಚಿದೆ, ಎರಡರ ವೇಗವೂ ಒಂದಾಯಿತು, ನನ್ನ ಕೈಯಿಂದ, ಯಾರನ್ನೂ ಕೇಳದೆ.

ಈಗ ಆ ವಿಷವನ್ನೂ ಅದರ ಜೊತೆಗಾರನನ್ನೂ ಬೆರೆಸಿದ ಪರೀಕ್ಷಾ ದ್ರಾವಣ ಹೊಸ ಕಾಲಂನಲ್ಲಿ ಓಡುತ್ತಿದೆ, ಶುಂಠಿ ಸರ್ ಅವರೇ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದಾರೆ, ಕಣ್ಣು ತೆರೆಯ ಮೇಲೆ, ನನ್ನ ಮೇಲಲ್ಲ, ಬಂತು ನೋಡು ಎನ್ನುತ್ತಾರೆ, ಖಾರವಿಲ್ಲ ದನಿಯಲ್ಲಿ — ಗೆರೆ ನೆಟ್ಟಗೆ ಎದ್ದಿತು, ಸೂಜಿಯಂತೆ, ಮೊದಲನೆಯದು, ಇಳಿಯುತ್ತಿದೆ, ನಿಲ್ಲಬೇಡ, ನಡುದಾರಿಯಲ್ಲಿ ತಿರುಗಬೇಡ, ನಾನು ಉಸಿರು ಬಿಗಿಹಿಡಿದಿದ್ದೇನೆ, ಅವರೂ, ಇಳಿಯುತ್ತಿದೆ, ಕಣಿವೆ, ಕಣಿವೆಯ ತಳ, ನೆಲ — ಅಲ್ಲಿ ಒಂದು ಕ್ಷಣ ಚಪ್ಪಟೆಯಾಗಿ ಮಲಗಿ ಆಮೇಲಷ್ಟೇ ಎರಡನೆಯದು ಎದ್ದಿತು, ಬೇರ್ಪಡಿಕೆ ೧.೯.