ಹಕ್ಕಿಗೆ ಬಿಟ್ಟುಕೊಟ್ಟ ಕಾರಿಡಾರ್

ಕಾರ್ಕ್ ನಗರದ ಹೊರಗಿರುವ ಪಕ್ಷಿ ಸಂರಕ್ಷಣಾ ಕೇಂದ್ರದ ಕೊಳದಲ್ಲಿ ಹಂಸವೊಂದು ಸತ್ತು ತೇಲಿದ ದಿನದಿಂದ ಮೆಹರುನ್ನಿಸಾ ಹಕ್ಕಿಗಳ ಶೆಡ್ ಬಿಟ್ಟು ಹೊರಬಂದಿರಲಿಲ್ಲ. ಹಂಸಕ್ಕೆ ಹಕ್ಕಿಜ್ವರವಿತ್ತು. ಸಾಕಿದ ಹಕ್ಕಿಗಳನ್ನೆಲ್ಲ ಒಳಗೇ ಕೂಡಿಹಾಕಬೇಕೆಂದು ಸರ್ಕಾರದ ಆದೇಶ ಬಂದಿತ್ತು.

ಹಾಸನದಿಂದ ಬಂದು ಆ ದೇಶದಲ್ಲಿ ನೆಲೆಸಿದ್ದ ಮೆಹರುನ್ನಿಸಾ ಕೇಂದ್ರದ ಪಶುವೈದ್ಯೆ. ಅವಳ ಸುಪರ್ದಿನಲ್ಲಿದ್ದದ್ದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪವೊಂದರ ಹಕ್ಕಿಗಳ ಜೋಡಿ. ಕೋಳಿಗಿಂತ ಚಿಕ್ಕವು, ಕಂದು ಬಣ್ಣದವು, ಹಾರಲು ಬಾರದವು. ಹಡಗುಗಳಲ್ಲಿ ಬಂದಿಳಿದ ಇಲಿಗಳು ದ್ವೀಪದಲ್ಲಿ ಒಂದನ್ನೂ ಉಳಿಸಿರಲಿಲ್ಲ. ಈಗ ಅವು ಬದುಕಿರುವುದು ಇಂಥ ಕೆಲವು ಕೇಂದ್ರಗಳಲ್ಲಿ ಮಾತ್ರ. ಹೆಣ್ಣು ಆಗಷ್ಟೇ ಒಂದು ಮೊಟ್ಟೆ ಇಟ್ಟಿತ್ತು. ಹೋಗಿಬರುವವರ ಬೂಟಿಗಂಟಿ ಸೋಂಕು ಒಳಗೆ ಬರಬಹುದಾದ್ದರಿಂದ ಯಾರಾದರೊಬ್ಬರು ಶೆಡ್ಡಿನಲ್ಲೇ ಉಳಿಯಬೇಕಿತ್ತು. ಒಂದೆರಡು ವಾರದ ಮಾತೆಂದುಕೊಂಡು ಅವಳೇ ಒಪ್ಪಿಕೊಂಡಳು.

ಗಂಡುಹಕ್ಕಿಗೆ ಒಳಗಿರುವುದು ಒಗ್ಗಲಿಲ್ಲ. ಅಂಗಳದ ಹುಲ್ಲಿನಲ್ಲಿ ದಿನವಿಡೀ ಓಡಿಕೊಂಡಿದ್ದ ಅದು ಈಗ ಕೋಣೆಯ ಈ ಗೋಡೆಯಿಂದ ಓಡಿ ಆ ಗೋಡೆಗೆ ಢಿಕ್ಕಿ ಹೊಡೆಯುತ್ತಿತ್ತು. ಕೊಕ್ಕಿನ ಬುಡದಲ್ಲಿ ರಕ್ತ ಒಸರಿತು. ಸದ್ದಿಗೆ ಬೆದರಿ ಹೆಣ್ಣು ಕಾವು ಬಿಟ್ಟು ಏಳತೊಡಗಿತು.

ಮೆಹರುನ್ನಿಸಾ ಕೇಂದ್ರದ ಮುಖ್ಯಸ್ಥೆ ಫಿನೂಲಾಗೆ ಫೋನ್ ಮಾಡಿ, ಅದನ್ನು ಸ್ವಲ್ಪ ಹೊತ್ತು ಅಂಗಳಕ್ಕೆ ಬಿಡಲೇ ಎಂದು ಕೇಳಿದಳು.

“ಅಲ್ಲೆಲ್ಲ ಕಡಲಹಕ್ಕಿಗಳ ಹಿಕ್ಕೆ ಬಿದ್ದಿದೆ. ಬೇಡ, ಮೆಹರ್,” ಎಂದಳು ಫಿನೂಲಾ.

ಅಂಗಳದ ಬಾಗಿಲಿನ ಚಿಲಕದ ಮೇಲಿಟ್ಟ ಕೈಯನ್ನು ಮೆಹರುನ್ನಿಸಾ ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಬಾಗಿಲು ತೆರೆಯದೆ ಕೈ ಹಿಂತೆಗೆದಳು.

ಹಕ್ಕಿಗಳ ಕೋಣೆಗೆ ಹೊಂದಿಕೊಂಡು ಉದ್ದನೆಯ ಕಾರಿಡಾರ್ ಇತ್ತು. ಅವಳು ಮಲಗುತ್ತಿದ್ದದ್ದು, ನಡೆದಾಡುತ್ತಿದ್ದದ್ದು ಅಲ್ಲೇ. ಅದರ ಕೊನೆಯ ಕಿಟಕಿಯ ಆಚೆ ಸಂಜೆ ಗಂಡ ರಿಜ್ವಾನ್, ಮಗಳು ಅಯ್ಮನ್ ಬಂದು ನಿಲ್ಲುತ್ತಿದ್ದರು. ಅವಳು ಮಂಚವನ್ನು ಎಳೆದು ಪಕ್ಕದ ಪುಟ್ಟ ಕಾಳಿನ ಉಗ್ರಾಣಕ್ಕೆ ಹಾಕಿಕೊಂಡಳು. ಹಕ್ಕಿಯ ಕೋಣೆಯ ಬಾಗಿಲನ್ನು ಕಾರಿಡಾರಿಗೆ ತೆರೆದಳು.

ಗಂಡು ಈ ತುದಿಯಿಂದ ಆ ತುದಿಗೆ ಓಡಿತು. ಮತ್ತೆ ಓಡಿತು. ಕೆಲವೇ ದಿನಗಳಲ್ಲಿ ಢಿಕ್ಕಿ ಹೊಡೆಯುವುದು ನಿಂತಿತು. ಹೆಣ್ಣು ಅಲುಗಾಡದೆ ಕಾವಿಗೆ ಕುಳಿತಿತು.

ಉಗ್ರಾಣಕ್ಕೆ ಕಿಟಕಿಯಿರಲಿಲ್ಲ. ಕಾಲು ಚಾಚಿದರೆ ಮೂಟೆ, ತಲೆಯೆತ್ತಿದರೆ ಕಪಾಟು. ಬಚ್ಚಲಿಗೆ ಹೋಗಬೇಕಾದರೂ, ಗಂಡು ಬೆದರದಿರಲೆಂದು, ಅದು ತನ್ನ ಕೋಣೆಗೆ ಮರಳುವವರೆಗೆ ಕಾಯಬೇಕು. ಒಮ್ಮೊಮ್ಮೆ ಬಾಗಿಲ ಸಂದಿಗೆ ಮೂಗಿಟ್ಟು ಉಸಿರೆಳೆದುಕೊಳ್ಳುತ್ತಿದ್ದಳು.

ಮೊಟ್ಟೆ ಒಡೆದು ಕಪ್ಪು ತುಪ್ಪುಳದ ಮರಿ ಹೊರಬಂತು. ಅದೇ ವಾರ ಸರ್ಕಾರ ಕೂಡಿಹಾಕುವ ಆದೇಶವನ್ನು ಮುಂದುವರಿಸಿತು. ಅಂದು ಸಂಜೆ, ಕಿಟಕಿಯ ಬಳಿ ಬಂದರೆ ಹಕ್ಕಿ ಬೆದರೀತೆಂದು, ಬೇಲಿಯಾಚೆ ಕಾರು ನಿಲ್ಲಿಸಿ ರಿಜ್ವಾನ್ ಫೋನ್ ಮಾಡಿದ. ಮೊದಲು ಮಾತಾಡಿದ್ದು ಮಗಳು.

“ಅಮ್ಮಿ, ವೆನ್ ಆರ್ ಯೂ ಕಮಿಂಗ್ ಹೋಮ್?”

“ಇನ್ನೂ ಸ್ವಲ್ಪ ದಿನ, ಕಂದಾ.”

“ಯೂ ಸೆಡ್ ದಟ್ ಬಿಫೋರ್.”

ರಿಜ್ವಾನ್ ಫೋನ್ ತೆಗೆದುಕೊಂಡ. “ಫಿನೂಲಾ ಬೇರೆಯವ್ರನ್ನ ಕಳಿಸ್ತಾಳಂತಲ್ಲ. ಬಂದ್ಬಿಡು.”

“ಹೊಸಬ್ರನ್ನ ಕಂಡ್ರೆ ಗಂಡು ಬೆದರುತ್ತೆ. ಓಡಾಟದಲ್ಲಿ ಮರಿನ ತುಳಿದ್ಬಿಟ್ರೆ?”

“ನೀನ್ ಹೇಗಿದೀಯ? ಅದು ಹೇಳು.”

“ಗ್ರ್ಯಾಂಡ್,” ಎಂದಳು, ಅಲ್ಲಿಯವರು ‘ಚೆನ್ನಾಗಿದೀನಿ’ ಎನ್ನಲು ಬಳಸುವ ಮಾತಿನಲ್ಲಿ. ಆಮೇಲೆ ದನಿ ತಗ್ಗಿಸಿದಳು. “ನಿಜ ಹೇಳ್ಲಾ? ಗೋಡೆ ಮೈಮೇಲೆ ಬರೋ ಹಾಗನ್ಸುತ್ತೆ, ರಿಜ್ವಾನ್. ಆದ್ರೂ ಈಗ ಬರಕ್ಕಾಗಲ್ಲ.”

ಅವನು ಮತ್ತೆ ಬಾ ಎನ್ನಲಿಲ್ಲ. “ಸರಿ, ನಾವೂ ಸ್ವಲ್ಪ ಹೊತ್ತು ಇಲ್ಲೇ ಇರ್ತೀವಿ. ಫೋನ್ ಇಡ್ಬೇಡ,” ಎಂದ.

ಅಯ್ಮನ್ ಕಾರಿನಲ್ಲೇ ಕೂತು ಶಾಲೆಯ ಪಾಠ ಗಟ್ಟಿಯಾಗಿ ಓದಿದಳು. ಮೆಹರುನ್ನಿಸಾ ಮೂಟೆಗಳ ನಡುವೆ ಕಣ್ಣುಮುಚ್ಚಿ ಕೇಳುತ್ತ ಕೂತಳು. ಬಾಗಿಲಾಚೆ ಗಂಡಿನ ಹೆಜ್ಜೆಗಳ ಹಿಂದೆ, ಕೇಳಿಯೂ ಕೇಳದಂತೆ, ಮರಿಯ ಹೆಜ್ಜೆ ಬರುತ್ತಿತ್ತು.