ಗುಳವಿಲ್ಲದೆ ಬಂದ ಆಯ

ನಾನು ಕುಲುಮೆಯ ಬೂದಿಯನ್ನು ಬುಟ್ಟಿಗೆ ತುಂಬುತ್ತಿದ್ದೆ. ಅಪ್ಪ ಗಾಳಿಯೂದುವ ತಿದಿಯ ಚರ್ಮಕ್ಕೆ ಹರಳೆಣ್ಣೆ ಸವರುತ್ತಿದ್ದ. ತೊಂಬತ್ತನಾಲ್ಕರ ಚುನಾವಣೆ ಮುಗಿದಾಗಿನಿಂದ ಕುಲುಮೆಗೆ ಕೆಂಡ ಬಿದ್ದಿರಲಿಲ್ಲ, ಬೂದಿಯೂ ಹಳೆಯದೇ.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ತಿದಿ ಒತ್ತುವುದು ನನ್ನ ಕೆಲಸ. ತಟ್ಟಿಸಲು ತಂದ ನೇಗಿಲಿನ ಕಬ್ಬಿಣದ ಗುಳ ಕಾಯುವಷ್ಟು ಹೊತ್ತು ಊರಿನ ಗಂಡಸರು ಇಲ್ಲೇ ಕೂತು ಎರಡೂ ಪಾರ್ಟಿಯವರನ್ನು ಬೈಯುತ್ತಿದ್ದರು. ನಾನಿರುವುದು ಯಾರಿಗೂ ನೆನಪಿರುತ್ತಿರಲಿಲ್ಲ. ಅಪ್ಪನೂ ಬೈಯುತ್ತಿದ್ದ, ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ಬೀದಿಯಲ್ಲೂ ಹಾಗೇ ಮಾತಾಡಬಹುದು ಅಂದುಕೊಂಡದ್ದೇ ಅಪ್ಪನ ತಪ್ಪು.

ಎದುರು ಪಾರ್ಟಿಯವನೊಬ್ಬ ಭಾಷಣಕ್ಕೆ ಬಂದಾಗ ನಮ್ಮೂರ ಹುಡುಗರು ಮೈಕಿನ ವೈರು ಕಿತ್ತರು. ಅಪ್ಪ ಎದ್ದು ನಿಂತ. "ಅವ್ನೂ ಒಸಿ ಮಾತಾಡ್ಲಿ ಬುಡ್ರಲಾ. ಓಟು ನಮ್ಮೋರ್ಗೇ ಹಾಕಾನ," ಎಂದ. ಹಾಗೇ ಹಾಕಿದ ಕೂಡ. ಆದರೆ ಓಟು ಮುಗಿದ ಮಾರನೆಯ ದಿನದಿಂದ ಊರಿನ ಗುಳಗಳೆಲ್ಲ ಪಕ್ಕದ ತೊಣ್ಣೂರಿನ ಕುಲುಮೆಗೆ ಹೋದವು.

ಇವತ್ತು ಸಿದ್ದರಾಜಣ್ಣ ಬಂದ. ನಮ್ಮೂರಲ್ಲಿ ಪಾರ್ಟಿ ನಡೆಸುವವನು ಅವನೇ. ಅವನ ತಮ್ಮ ನಿಂಗರಾಜು ರಾಗಿ ಮೂಟೆ ಹೊತ್ತಿದ್ದ. ವರ್ಷವಿಡೀ ಅಪ್ಪ ಮಾಡುವ ಕೆಲಸಕ್ಕೆ ಒಕ್ಕಣೆಯಾದ ಮೇಲೆ ರೈತರು ಕೊಡುವ ಆಯ ಅದು. ಪ್ರತಿ ವರ್ಷ ಅಪ್ಪನನ್ನು ಕಣಕ್ಕೇ ಕರೆದು, ರಾಶಿಯ ಪಕ್ಕ ನಿಲ್ಲಿಸಿ ಅಳೆದು ಕೊಡುತ್ತಿದ್ದರು. ಈ ಸಲ ಕರೆದಿರಲಿಲ್ಲ.

"ಇಳುಸ್ಲಾ ನಿಂಗ. ಆಚಾರ್ರೇ, ನಿಮ್ ಆಯ. ಆಚಾರಿ ಒಟ್ಟೆ ಮ್ಯಾಲೆ ಒಡುದ್ರು ಅಂತ ಯಾರೂ ಅನ್ಬಾರ್ದು."

"ಗುಳ ಎಲ್ಲಿ ಸಿದ್ದರಾಜಣ್ಣ?"

"ಗುಳ ಬರಕಿಲ್ಲ."

"ಕಬ್ಣ ತಟ್ಟದೇ ರಾಗಿ ತಕ್ಕಂಡ್ರೆ ಅದು ಆಯ ಅಲ್ಲ, ಭಿಕ್ಷೆ."

ನಿಂಗರಾಜು ನಕ್ಕ. "ಆ ಮೈಕಿನೋನ್ನ ಕೇಳಿ ಆಚಾರ್ರೆ. ಅವ್ನ ಭಾಸ್ಣ ತಂದ್ಕೊಡ್ತಾನೆ, ಕಾಯ್ಸಿ ತಟ್ಟೀರಂತೆ."

"ನಾನು ಆ ಪಾರ್ಟಿ ಅಲ್ಲ ಕಣಪ್ಪ."

"ಗೊತ್ತು," ಎಂದ ಸಿದ್ದರಾಜಣ್ಣ. "ಆ ಪಾರ್ಟಿಯೋರೇ ಆಗಿದ್ರೆ ಬುಟ್ಬುಡ್ತಿದ್ದೊ. ನಮ್ಮೋರಾಗಿ ಅಂಗಂದ್ರಲ್ಲ."

ಅವ್ವ ಒಳಗಿನಿಂದ ಬಂದಳು. ಯಾರ ಮುಖವನ್ನೂ ನೋಡದೆ ಮೂಟೆಯನ್ನು ಒಳಗೆ ಎಳೆದುಕೊಂಡಳು. ಮನೆಯಲ್ಲಿ ಹಿಟ್ಟು ಮುಗಿದಿತ್ತು. ಅಪ್ಪ ನೋಡಿದ, ತಡೆಯಲಿಲ್ಲ.

ಅಣ್ಣ ತಮ್ಮ ಇಬ್ಬರೂ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದರು. ಅಪ್ಪ ಬಾಗಿಲವರೆಗೆ ಹೋದ.

"ಸಿದ್ದರಾಜಣ್ಣ, ಒಸಿ ಕೂತ್ಕಳಿ. ನಾನಂದದ್ದು ತಪ್ಪಾಗಿದ್ರೆ ಬೈದಾದ್ರೂ ಓಗಿ."

ಅವರು ನಡೆಯುತ್ತಲೇ ಇದ್ದರು.